ರುವೈಸ್‌ನಲ್ಲಿ ಸೈಕಲ್: ಬೆಲೆಗಿಂತ ಫ್ರೇಮ್ ಮುಖ್ಯ

ರುವೈಸ್ (ಅಬುಧಾಬಿ): ಕಡಲತೀರದ ಈ ತೈಲ ಪಟ್ಟಣದಲ್ಲಿ ಸೈಕಲ್‌ಗೆ ಮೊದಲ ಶತ್ರು ಉಪ್ಪುಗಾಳಿ. ಅಲ್ಯುಮಿನಿಯಂ ಫ್ರೇಮ್ ಕಬ್ಬಿಣದಂತೆ ತುಕ್ಕು ಹಿಡಿಯದು, ನಿಜ. ಆದರೆ ಉಕ್ಕಿನ ಬೋಲ್ಟ್ ತಾಗುವಲ್ಲಿ ಉಪ್ಪಿನ ತೇವ ಸೇರಿ ಲೋಹ ಸವೆಯುತ್ತದೆ. ಅಲ್ಲಿ ಗ್ರೀಸ್ ಹಚ್ಚಿರಬೇಕು.

ಫಿಕ್ಸೆಡ್ ಗೇರ್ ಸೈಕಲ್‌ನಲ್ಲಿ ಚಕ್ರ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಹಿಂದಿನ ಚಕ್ರ ಸರಿಸಿ ಚೈನ್ ಬಿಗಿ ಮಾಡುವ ಉದ್ದನೆಯ ಸೀಳು, ಬ್ರೇಕ್ ಕೂರಿಸುವ ರಂಧ್ರ ಎರಡೂ ಫ್ರೇಮ್‌ನಲ್ಲಿರಲಿ. ಸೈಕಲ್ ನಡುವೆ ಎರಡೂ ಪಾದ ಊರಿ ನಿಂತಾಗ ಮೇಲಿನ ಕೊಳವೆ ಕನಿಷ್ಠ 2–3 ಸೆಂ.ಮೀ. ಕೆಳಗಿರಬೇಕು.

ಹಳೆಯದಾದರೆ ಬೆಸುಗೆಯ ಸುತ್ತ ಕೂದಲೆಳೆಯ ಬಿರುಕಿದೆಯೇ ನೋಡಬೇಕು. ಬಿರುಕಿಗೆ ಮತ್ತೆ ಬೆಸುಗೆ ಹಾಕಿದರೆ ಶಾಖಕ್ಕೆ ಆ ಭಾಗ ಬಲ ಕಳೆದುಕೊಳ್ಳುತ್ತದೆ. ಅಗ್ಗಕ್ಕೆ ಸೈಕಲ್ ಸಿಕ್ಕಿತೆಂದು ಮಗನೋ ಗಂಡನೋ ಫೋನ್ ಮಾಡಿದರೆ, ಮೊದಲು ಬೆಸುಗೆ ನೋಡಿದಿರಾ ಎಂದು ಕೇಳಿ.