ಬೇಲಿಯಾಚೆಯ ಜಿಂಕೆ

ತನ್ನ ಹೊಲಕ್ಕೆ ಬೇಲಿ ಕಟ್ಟಿಕೊಳ್ಳುವುದು ಒಕ್ಕಲಿನ ಮೊದಲನೆಯ ಹಕ್ಕು. ನೆರೆಯವನ ದನ ನುಗ್ಗಿದರೆ ತಪ್ಪು ದನದ ಒಡೆಯನದೋ, ಬೇಲಿ ಕಟ್ಟದೆ ಬಿಟ್ಟವನದೋ ಎಂಬ ವ್ಯಾಜ್ಯ ನಮ್ಮ ಹಳ್ಳಿಯ ಪಂಚಾಯಿತಿಗಳಷ್ಟೇ ಹಳೆಯದು. ದನಕ್ಕಾದರೆ ಒಬ್ಬ ಒಡೆಯನಾದರೂ ಇರುತ್ತಾನೆ. ಒಡೆಯನೇ ಇಲ್ಲದ ಪ್ರಾಣಿ, ಇಂದು ಈ ಹೊಲ ನಾಳೆ ಆ ಕಾವಲು ಎಂದು ಅಲೆಯತಕ್ಕ ಜಿಂಕೆ, ಬೇಲಿಗೆ ಸಿಕ್ಕಿ ಒಂದು ಕಡೆಯಲ್ಲೇ ನಿಂತುಹೋದರೆ ಆಗ ಯಾರು ಯಾರಿಗೆ ಅನ್ಯಾಯ ಮಾಡಿದಂತಾಯಿತು? ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಈ ಪ್ರಶ್ನೆ ನೆರೆಹೊರೆಯವರನ್ನು ಎದುರುಬದುರಾಗಿ ನಿಲ್ಲಿಸಿದೆ. ನಮ್ಮ ತುಮಕೂರು ಸೀಮೆಯಲ್ಲಿಯೂ ಅದೇ ಪ್ರಶ್ನೆಯುಂಟು. ಆದರೆ ಇಲ್ಲಿ ಅದು ತಲೆಕೆಳಗಾಗಿ ನಿಂತಿದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಪ್ರಯೋಜನಕರವೆಂದು ನನ್ನ ಭಾವನೆ.

ಟೆಕ್ಸಾಸಿನ ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಖಾಸಗಿಯವರದು. ಅಲ್ಲಿಯ ಜಮೀನುದಾರನಿಗೆ ದನಗಳಿಂದ ಬರುವ ಆದಾಯದ ಜೊತೆಗೆ ಬೇಟೆಗಾರರಿಂದ ಬರುವ ಆದಾಯವೂ ಉಂಟು. ಬೇಟೆಯ ಕಾಲ ಬಂದಿತೆಂದರೆ ಪಟ್ಟಣದವರು ಹಣ ತೆತ್ತು ಅವನ ನೆಲದಲ್ಲಿ ಷಿಕಾರಿ ಮಾಡುವ ಗುತ್ತಿಗೆ ಪಡೆಯುತ್ತಾರೆ. ಅವರಿಗೆ ಬೇಕಾದದ್ದು ಬಿಳಿಬಾಲದ ಜಿಂಕೆಯ ಗಂಡು; ಅದರಲ್ಲಿಯೂ ಕವಲು ಕವಲಾಗಿ ಹಬ್ಬಿದ ಕೊಂಬುಳ್ಳದ್ದು. ಅಂತಹ ಕೊಂಬು ಬೆಳೆಯಬೇಕಾದರೆ ಆ ಪ್ರಾಣಿ ಐದಾರು ವರ್ಷ ಬದುಕಿರಬೇಕು, ಒಳ್ಳೆಯ ಮೇವನ್ನು ತಿಂದಿರಬೇಕು. ಜಮೀನುದಾರನು ಮೇವನ್ನೇನೋ ಒದಗಿಸಬಲ್ಲನು, ಆಯುಸ್ಸನ್ನು ಒದಗಿಸಲಾರನು. ದನಕ್ಕೆಂದು ಕಟ್ಟಿದ ನಾಲ್ಕಡಿಯ ತಂತಿಯನ್ನು ಜಿಂಕೆ ಲೆಕ್ಕಕ್ಕೇ ಇಡುವುದಿಲ್ಲ. ಇವನ ತೊಟ್ಟಿಯಲ್ಲಿ ರಾತ್ರಿ ಜೋಳ ತಿಂದ ಪ್ರಾಣಿ ಬೆಳಗಾಗುವಷ್ಟರಲ್ಲಿ ನೆರೆಯವನ ಪೊದೆಯಲ್ಲಿರುತ್ತದೆ. ಎರಡು ವರ್ಷದ ಎಳೆಯ ಗಂಡೆಂಬುದನ್ನೂ ನೋಡದೆ ಆ ನೆರೆಯವನು ಅದನ್ನು ಹೊಡೆಯುತ್ತಾನೆ. ಆದುದರಿಂದ ಹಣವುಳ್ಳವನು ಎಂಟಡಿ ಎತ್ತರದ ಹೆಣೆದ ತಂತಿಯ ಬೇಲಿಯನ್ನು ಸುತ್ತಲೂ ಎಬ್ಬಿಸುತ್ತಾನೆ. ಎಂಟಡಿಯನ್ನು ಬಿಳಿಬಾಲದ ಜಿಂಕೆ ಸಾಮಾನ್ಯವಾಗಿ ಹಾರುವುದಿಲ್ಲ.

ಈಗ ನೆರೆಯವನ ದೂರನ್ನು ಕೇಳಬೇಕು. ಅವನದು ಸಣ್ಣ ಹಿಡುವಳಿ. ತಂದೆಯ ಕಾಲದಿಂದಲೂ ಚಳಿಗಾಲಕ್ಕೆ ಒಂದೆರಡು ಜಿಂಕೆ ಹೊಡೆದು ಮನೆಮಂದಿಗೆಲ್ಲ ಮಾಂಸ ಮಾಡಿಕೊಂಡು ಬಂದವನು. ಹಳ್ಳದ ದಾರಿ ಹಿಡಿದು ಬರುತ್ತಿದ್ದ ಹಿಂಡು ಬೇಲಿ ಎದ್ದ ಮೇಲೆ ಬರುವುದಿಲ್ಲ. ಬೇಲಿಯೊಳಗೆ ಸಿಕ್ಕಿದ್ದು ನಿನ್ನೆಯವರೆಗೆ ಇಬ್ಬರಿಗೂ ಸೇರಿದ್ದ ಹಿಂಡು. ಅದಕ್ಕೆ ಇಂದು ಒಬ್ಬನೇ ಬೆಲೆ ಕಟ್ಟುತ್ತಿದ್ದಾನೆಂಬುದು ಇವನ ಸಂಕಟ. ಆ ಪ್ರಾಂತದ ಕಾನೂನು ಇವನ ಪಕ್ಷದಲ್ಲಿರುವಂತೆಯೇ ತೋರುತ್ತದೆ. ಕಾಡುಪ್ರಾಣಿಗಳು ಪ್ರಾಂತದ ಸಮಸ್ತ ಪ್ರಜೆಗಳ ಸ್ವತ್ತೆಂದು ಅದು ಸಾರುತ್ತದೆ. ಬೇಲಿಯೊಳಗಿನ ಜಿಂಕೆಯೂ ಪ್ರಜೆಗಳದ್ದೇ. ಆದರೆ ಬೇಲಿಯೂ ಕಾನೂನಿಗೆ ಒಪ್ಪಿತವಾದದ್ದು, ಬೀಗದ ಕೈ ಜಮೀನುದಾರನದು! ಸ್ವತ್ತು ಎಲ್ಲರದು, ಬಾಗಿಲು ಒಬ್ಬನದು ಎಂದಮೇಲೆ ಆ ಸ್ವತ್ತಿನ ಅರ್ಥವೇನೆಂಬುದನ್ನು ನ್ಯಾಯಶಾಸ್ತ್ರ ಬಲ್ಲವರು ಹೇಳಬೇಕು.

ಇಲ್ಲಿ ನಮಗೆ ಸಂಬಂಧಿಸಿದ ಒಂದು ವಿಚಿತ್ರವುಂಟು. ನಮ್ಮ ಕೃಷ್ಣಮೃಗವನ್ನು 1932ರಲ್ಲಿ ಟೆಕ್ಸಾಸಿಗೆ ಒಯ್ದು ಬಿಟ್ಟರು. ಅಲ್ಲಿಯ ಒಣ ಹುಲ್ಲುಗಾಡು ಅದಕ್ಕೆ ಒಗ್ಗಿತು. ಇಂದು ಅವು ಸಾವಿರಗಳ ಲೆಕ್ಕದಲ್ಲಿವೆ. ಪರದೇಶದ ಪ್ರಾಣಿಯಾದುದರಿಂದ ಅಲ್ಲಿಯ ಬೇಟೆಯ ಕಾನೂನು ಅದಕ್ಕೆ ಅನ್ವಯಿಸುವುದಿಲ್ಲ. ವರ್ಷದ ಯಾವ ದಿನದಲ್ಲಾದರೂ ಜಮೀನುದಾರನು ಅದನ್ನು ಹೊಡೆಯಬಹುದು, ಹೊಡೆಯಲು ಮಾರಬಹುದು. ಅದೇ ಪ್ರಾಣಿಯನ್ನು ಮಧುಗಿರಿಯ ಬಯಲಿನಲ್ಲಿ ಕೊಂದವನಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸ.

ಎತ್ತರದ ಬೇಲಿಗೆ ರೋಗದ ಭಯವೂ ಅಂಟಿಕೊಂಡಿದೆ. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ, ಮದ್ದಿಲ್ಲದ ಮಿದುಳಿನ ರೋಗವೊಂದು 1967ರಲ್ಲಿ ಕೊಲರಾಡೋ ಪ್ರಾಂತದಲ್ಲಿ ಮೊದಲು ಕಾಣಿಸಿಕೊಂಡದ್ದು ಕೂಡಿಹಾಕಿದ್ದ ಜಿಂಕೆಗಳಲ್ಲಿಯೇ. 2015ರಲ್ಲಿ ಟೆಕ್ಸಾಸಿನ ಸಾಕಣೆಯ ಜಿಂಕೆಗಳಲ್ಲಿಯೂ ಅದು ಗೊತ್ತಾಯಿತು. ಬೇಲಿ ರೋಗವನ್ನು ಹೊರಗಿಡುತ್ತದೆಂದು ಒಡೆಯನೂ, ಒಳಗೆ ಬೆಳೆಸುತ್ತದೆಂದು ನೆರೆಯವನೂ ವಾದಿಸುತ್ತಾರೆ.

ಈ ವಾದ ಹೊಸದಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಸರದಾರರು ಮರದ ಗೂಟಗಳ ಬೇಲಿ ಕಟ್ಟಿ ಜಿಂಕೆಯ ವನಗಳನ್ನು ಮಾಡಿಕೊಂಡಿದ್ದರು. ಅವುಗಳಲ್ಲಿ ಕೆಲವಕ್ಕೆ ಒಂದು ಉಪಾಯದ ಬಾಗಿಲಿರುತ್ತಿತ್ತು. ಹೊರಮಗ್ಗುಲಲ್ಲಿ ನೆಲವನ್ನು ಬೇಲಿಯ ಎತ್ತರಕ್ಕೆ ಇಳಿಜಾರಾಗಿ ಏರಿಸುವುದು, ಒಳಮಗ್ಗುಲಲ್ಲಿ ಆಳವಾದ ಕಂದಕ ತೋಡುವುದು. ಹೊರಗಿನ ಜಿಂಕೆ ಸುಲಭವಾಗಿ ಒಳಕ್ಕೆ ಹಾರುತ್ತಿತ್ತು. ಕಂದಕದಿಂದ ಮೇಲಕ್ಕೆ ಹಾರಲಾರದೆ ಅಲ್ಲಿಯೇ ಉಳಿಯುತ್ತಿತ್ತು. ಇಲಿಯ ಬೋನೂ ಇದೂ ಒಂದೇ ತತ್ತ್ವ. ದೊರೆಯ ಕಾಡಿನ ಸಮೀಪದಲ್ಲಿ ಇಂತಹದನ್ನು ಮಾಡಲು ದೊರೆಯ ಅಪ್ಪಣೆ ಬೇಕಾಗಿತ್ತು, ಏಕೆಂದರೆ ಕಳುವಾಗುತ್ತಿದ್ದುದು ದೊರೆಯ ಜಿಂಕೆ. ಬಡವನ ಬಾಯಿಂದ ತಪ್ಪಿದ ತುತ್ತಿಗೆ ಮಾತ್ರ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. 1723ರಲ್ಲಿ ಅಲ್ಲಿಯ ಪಾರ್ಲಿಮೆಂಟು ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಕದಿಯುವವರಿಗೆ ಮರಣದಂಡನೆಯನ್ನೇ ವಿಧಿಸಿತು. ಆ ಶಾಸನದ ಬಹುಭಾಗ ರದ್ದಾಗಲು ನೂರು ವರ್ಷ ಹಿಡಿಯಿತು.

ನೆರೆಯವರ ಪಕ್ಷ ಒಮ್ಮೆ ಗೆದ್ದದ್ದೂ ಉಂಟು. ಅಮೆರಿಕದ ವಯೋಮಿಂಗ್ ಪ್ರಾಂತದಲ್ಲಿ ಪ್ರಾಂಗ್‌ಹಾರ್ನ್ ಎಂಬ ಪ್ರಾಣಿಯಿದೆ. ನೋಟಕ್ಕೂ ಓಟಕ್ಕೂ ನಮ್ಮ ಹುಲ್ಲೆಯನ್ನು ನೆನಪಿಗೆ ತರುತ್ತದೆ. ಹಿಮ ಬಿದ್ದೊಡನೆ ಅದು ಮೇವಿರುವ ತಗ್ಗಿನ ಬಯಲಿಗೆ ಇಳಿಯಬೇಕು. ಅದಕ್ಕೆ ಬೇಲಿ ಹಾರುವ ಅಭ್ಯಾಸವಿಲ್ಲ, ಕೆಳಗೆ ನುಸುಳಿ ಹೋಗುತ್ತದೆ. 1983ರಲ್ಲಿ ಭೂಮಾಲೀಕನೊಬ್ಬನು ಅದರ ದಾರಿಗೆ ಅಡ್ಡಲಾಗಿ 28 ಮೈಲಿ ಉದ್ದದ ಬೇಲಿಯನ್ನು ಕಟ್ಟಿಸಿದನು. ಆ ಚಳಿಗಾಲದಲ್ಲಿ ಹಿಂಡುಗಳು ಬೇಲಿಯ ಬುಡದಲ್ಲಿ ಬಂದು ನಿಂತವು. ಕೇಂದ್ರ ಸರ್ಕಾರವೂ, ಬೇಟೆಗಾರರನ್ನೂ ಒಳಗೊಂಡ ವನ್ಯಜೀವಿ ಸಂಘವೂ ಮೊಕದ್ದಮೆ ಹೂಡಿದವು. ತಾನು ಬೇಲಿ ನಿಲ್ಲಿಸಿದ್ದು ತನ್ನ ನೆಲದಲ್ಲಿಯೇ ಎಂದು ಮಾಲೀಕನ ವಾದ. ಅದು ನಿಜವೂ ಆಗಿತ್ತು. ಆದರೆ ಆ ಸೀಮೆಯಲ್ಲಿ ಖಾಸಗಿ ನೆಲವೂ ಸರ್ಕಾರಿ ನೆಲವೂ ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಹರಡಿವೆ. ಅವನ ಬೇಲಿಯೊಳಗೆ ಸಾವಿರಾರು ಎಕರೆ ಸರ್ಕಾರದ ನೆಲವೂ ಸಿಕ್ಕಿಕೊಂಡಿತ್ತು. ಸರ್ಕಾರಿ ನೆಲಕ್ಕೆ ಬೇಲಿ ಸುತ್ತಬಾರದೆಂಬ 1885ರ ಶಾಸನವೊಂದಿತ್ತು. ಅದು ದನ ಮೇಯಿಸುವವರ ಜಗಳಕ್ಕಾಗಿ ಹುಟ್ಟಿದ್ದು. ಪ್ರಾಂಗ್‌ಹಾರ್ನ್ ಹಾದುಹೋಗುವುದಕ್ಕೂ ಅದು ಅನ್ವಯಿಸುತ್ತದೆಂದು 1988ರಲ್ಲಿ ಮೇಲಿನ ನ್ಯಾಯಸ್ಥಾನ ತೀರ್ಪಿತ್ತಿತು; ಬೇಲಿಯನ್ನು ತೆಗೆಯಬೇಕಾಯಿತು, ಇಲ್ಲವೆ ಪ್ರಾಣಿ ನುಸುಳುವಂತೆ ಮಾರ್ಪಡಿಸಬೇಕಾಯಿತು.

ಇನ್ನು ನಮ್ಮ ಸೀಮೆಗೆ ಬರೋಣ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಗಳಲ್ಲಿ ಊರ ಹೆಸರುಗಳ ತುದಿಯಲ್ಲಿ ‘ಕಾವಲ್’ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ, ಟೀಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರನ್ನು ಪಡೆದ ರಾಸುಗಳ ಇಲಾಖೆ, ತನ್ನ ದನಗಳಿಗಾಗಿ ತುಮಕೂರು, ಹಾಸನ, ಚಿತ್ರದುರ್ಗ ಸೀಮೆಗಳಲ್ಲಿ ಕಾದಿರಿಸಿದ ಹುಲ್ಲುನೆಲಗಳಿವು. ಹೆಸರೇ ಹೇಳುವಂತೆ ಈ ನೆಲಕ್ಕೆ ರಕ್ಷೆ ಬೇಲಿಯದಲ್ಲ, ಮನುಷ್ಯನ ಕಾವಲಿನದು. ಕಾವಲುಗಾರನು ಹೊರಗಿನ ದನವನ್ನು ಅಟ್ಟುತ್ತಿದ್ದನೇ ಹೊರತು ಚಿಗರೆಯನ್ನು ತಡೆಯುತ್ತಿರಲಿಲ್ಲ. ಹೀಗೆ ದನಕ್ಕೆಂದು ಉಳಿದ ಹುಲ್ಲಿನಲ್ಲಿ ಕೃಷ್ಣಮೃಗ ಕೇಳದೆ ಬಂದ ಒಕ್ಕಲಾಗಿ ತಲೆಮಾರುಗಳ ಕಾಲ ಬಾಳಿತು.

ಅದನ್ನು ಬೇಟೆಯಾಡುವವರೂ ಇದ್ದರು. ಯುಗಾದಿ ಬಂದರೆ ಊರವರು ಬಲೆ, ನಾಯಿ, ದೊಣ್ಣೆಗಳೊಡನೆ ಕಾಡಿಗೆ ಹೊರಡುವುದಿತ್ತು. ಮಾರನೆಯ ದಿನದ ಹೊಸತೊಡಕಿಗೆ ಮಾಂಸ ಬೇಕಲ್ಲವೆ? ಬೇಟೆಯನ್ನೇ ನಂಬಿದ ಬೇಡರು, ಹಕ್ಕಿಪಿಕ್ಕಿಗಳು ಇದ್ದರು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆ ಮತ್ತು ಮೀನುಗಳ ರಕ್ಷಣೆಗೆ ರೆಗ್ಯುಲೇಷನ್ ಮಾಡಿ ಬೇಟೆಯನ್ನು ಪರವಾನಗಿಯ ಕಟ್ಟಿಗೆ ತಂದಿತು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಯಲ್ಲಿ ಸೇರಿಸಿತು. 1991ರ ತಿದ್ದುಪಡಿಯಿಂದ ಇತರ ಪ್ರಾಣಿಗಳ ಷಿಕಾರಿಗೆ ಉಳಿದಿದ್ದ ಪರವಾನಗಿಯೂ ಹೋಯಿತು. ಹಕ್ಕಿಪಿಕ್ಕಿಗಳು ಬಲೆಯನ್ನು ಬಿಟ್ಟು ಗಿಡಮೂಲಿಕೆ, ಎಣ್ಣೆಗಳ ವ್ಯಾಪಾರ ಹಿಡಿದರು. 2023ರಲ್ಲಿ ಸೂಡಾನಿನಲ್ಲಿ ಯುದ್ಧ ಹತ್ತಿದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡ ನಾಡಿನವರಲ್ಲಿ ಹಲವರು ಇವರೇ ಎಂದು ಕೇಳಿ ಪಟ್ಟಣಿಗರು ಬೆರಗಾದರು. ಬೇಟೆ ನಿಂತುದರ ಬೆಲೆಯನ್ನು ಯಾರು ತೆತ್ತರೆಂಬುದನ್ನು ನಾವು ಹೆಚ್ಚಾಗಿ ವಿಚಾರಿಸಿರಲಿಲ್ಲ.

ಬೇಟೆಗಾರನಿಲ್ಲದ ಈ ಸೀಮೆಯಲ್ಲಿ ನೆರೆಯವನ ದೂರು ತಿರುಗುಮುರುಗಾಯಿತು. ಟೆಕ್ಸಾಸಿನವನು ಜಿಂಕೆ ಬರಲಿಲ್ಲವೆಂದು ಅಳುತ್ತಾನೆ. ನಮ್ಮವನು ಬಂದಿತೆಂದು ಅಳುತ್ತಾನೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಹಳೆಯ ಹುಲ್ಲುನೆಲದಲ್ಲಿ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಏರ್ಪಟ್ಟಿತು. ಅದರ ವಿಸ್ತಾರ 798 ಎಕರೆ. ಸುತ್ತಲೂ ರಾಗಿ, ಕಡಲೆಕಾಯಿಯ ಹೊಲಗಳು. ಬಯಲಿನಲ್ಲಿ ದೂರದೂರ ಮೇಯುವ ಸ್ವಭಾವದ ಪ್ರಾಣಿಗೆ 798 ಎಕರೆ ಒಂದು ಹಿತ್ತಿಲು. ಮಳೆ ತಪ್ಪಿ ಹುಲ್ಲು ಒಣಗಿದರೆ ಅದು ಕಡಲೆಕಾಯಿಯ ಹೊಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಸತ್ತು ಬಿದ್ದ ಪ್ರಾಣಿ ಸರ್ಕಾರದ ಸ್ವತ್ತೆಂದು ಕಾನೂನು ಹೇಳುತ್ತದೆ; ಬದುಕಿರುವಾಗ ಅದು ಮೇಯುವುದು ಒಕ್ಕಲಿನ ಹೊಲವನ್ನು. ಬೆಳೆನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆಂಬುದು ನಿಜ. ಅರ್ಜಿ ಬರೆದು, ಚಿತ್ರ ತೆಗೆಸಿ, ಪರೀಕ್ಷೆಗೆ ಕಾದು ಅದನ್ನು ಪಡೆಯುವುದು ಎರಡೆಕರೆಯವನಿಗೆ ಎಷ್ಟು ಸುಲಭವೆಂಬುದನ್ನು ಓದುಗರೇ ಊಹಿಸಬಹುದು.

ಈ ನಡುವೆ ಬೇಲಿಗಳು ಏಳುತ್ತಲೇ ಇವೆ. ಕುಣಿಗಲ್ಲಿನ ಕುದುರೆಫಾರಂ ಟೀಪುವಿನ ಕಾಲದ ಕುದುರೆಗಳ ಕಥೆಯೊಡನೆ ಬೆಳೆದ ಹಳೆಯ ಆವರಣ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೆಸರಿನಲ್ಲಿ ಕಾವಲು ಉಳಿಯಿತು. ಚಳ್ಳಕೆರೆಯ ಬಳಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಗಿ ಗೋಡೆ ಎದ್ದಾಗ ಕುರಿ ಮೇಯಿಸುವವರ ದೂರು ಹಸಿರು ನ್ಯಾಯಮಂಡಲಿಯವರೆಗೆ ಮುಟ್ಟಿತು. ಕಾರ್ಖಾನೆಯೂ ವಿಜ್ಞಾನವೂ ಬೇಡವೆಂದು ಹೇಳುವವನು ನಾನಲ್ಲ. ಆದರೆ ಹುಲ್ಲುನೆಲವನ್ನು ‘ಬಂಜರು’ ಎಂದು ಕಾಗದದಲ್ಲಿ ಬರೆದ ಲೇಖನಿ ಯಾವ ಬೇಲಿಗಿಂತಲೂ ಎತ್ತರವಾದುದು.

ರೈತನ ಬೇಲಿಯ ಮಾತೇ ಬೇರೆ. ಕತ್ತಾಳೆ, ಕಳ್ಳಿಗಳ ಹಳೆಯ ಬೇಲಿಯಲ್ಲಿ ಮೊಲ, ನರಿಗಳಿಗೆ ಸಂದಿಯಿತ್ತು. ಅಡಕೆ, ತೆಂಗಿನ ತೋಟಗಳಿಗೆ ಈಗ ಸೋಲಾರ್ ತಂತಿ ಬಂದಿದೆ. ಸರಿಯಾಗಿ ಜೋಡಿಸಿದ ಸೋಲಾರ್ ಬೇಲಿಯಲ್ಲಿ ವಿದ್ಯುತ್ತು ಸತತವಾಗಿ ಹರಿಯುವುದಿಲ್ಲ. ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಮಿಡಿಯುತ್ತದೆ. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆಗೆಯುತ್ತದೆ, ಸಾಯುವುದಿಲ್ಲ. ಮನೆಯ ಕಂಬದಿಂದ ನೇರವಾಗಿ ತಂತಿಗೆ ವಿದ್ಯುತ್ತು ಹರಿಸುವುದು ಅಪರಾಧ. ಅದು ಜಿಂಕೆಯನ್ನೂ ಕೊಲ್ಲುತ್ತದೆ, ನೀರು ಕಟ್ಟಲು ರಾತ್ರಿ ಹೋದ ಮನೆಯವನನ್ನೂ ಕೊಲ್ಲುತ್ತದೆ. ಬಯಲು ತುಂಡುತುಂಡಾದಂತೆ ಬೇಟೆಯ ಪ್ರಾಣಿ ಕಡಮೆಯಾಗುತ್ತದೆ, ಚಿರತೆ ಊರಿನ ನಾಯಿ ಕರುಗಳಿಗೆ ಹೊಂದಿಕೊಳ್ಳುತ್ತದೆ. 2019ರ ಕೊನೆಯಲ್ಲಿಯೂ 2020ರ ಮೊದಲಿನಲ್ಲಿಯೂ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆಯಿಂದ ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಅದಕ್ಕೆ ಬೇಲಿಯೊಂದೇ ಕಾರಣವೆನ್ನುವುದು ಸರಿಯಲ್ಲ; ಬೇಲಿಗೆ ಸಂಬಂಧವೇ ಇಲ್ಲವೆನ್ನುವುದೂ ಸರಿಯಲ್ಲ.

ಹಾಗಾದರೆ ಮೈದನಹಳ್ಳಿಯ ಮೀಸಲಿಗೆ ಎಂಟಡಿಯ ಬೇಲಿ ಸುತ್ತಿಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಸುತ್ತಿದರೆ ಕಡಲೆಕಾಯಿ ಉಳಿಯುತ್ತದೆ. ಬರಗಾಲದಲ್ಲಿ ಒಳಗಿನ ಹಿಂಡಿಗೆ ಮೇವನ್ನು ಲಾರಿಯಲ್ಲಿ ತರಬೇಕಾಗುತ್ತದೆ, ಹೊರಗಿನ ರಕ್ತ ಸೇರದೆ ಕೆಲವು ತಲೆಮಾರುಗಳಲ್ಲಿ ಸಂತತಿ ಕುಂದುತ್ತದೆ. ದೇವರಾಯನದುರ್ಗದ ಬುಡದ ನಾಮದ ಚಿಲುಮೆಯಲ್ಲಿ ಜಿಂಕೆವನವಿದೆ. ಮಕ್ಕಳಿಗೆ ತೋರಿಸಲು ಅದು ಚೆನ್ನಾಗಿದೆ. ಮೈದನಹಳ್ಳಿಯೂ ಅಂತಹುದೇ ಆಗಬೇಕೇ ಎಂಬುದು ಪ್ರಶ್ನೆ. ನನ್ನ ಮಟ್ಟಿಗೆ ಮೀಸಲಿಗೆ ಬೇಲಿ ಬೇಡ. ಬೇಲಿಯ ಹಣ ಅಂಚಿನ ಹೊಲಗಳವರಿಗೆ ಪರಿಹಾರವಾಗಿಯೂ, ಬೆಳೆಯ ಕಾಲದಲ್ಲಿ ಕಾವಲುಗಾರರ ಕೂಲಿಯಾಗಿಯೂ ಹೋಗಲಿ. 2002ರ ತಿದ್ದುಪಡಿ ಸಂರಕ್ಷಣಾ ಮೀಸಲುಗಳನ್ನು ಸೃಷ್ಟಿಸಿದಾಗ ಅವುಗಳ ಆಡಳಿತಕ್ಕೆ ಸಲಹೆ ಕೊಡುವ ಸಮಿತಿಯಲ್ಲಿ ಸಂಬಂಧಪಟ್ಟ ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ಒಂದು ಸ್ಥಾನವನ್ನು ಇಟ್ಟಿತು. ಟೆಕ್ಸಾಸಿನ ಸಣ್ಣ ಹಿಡುವಳಿಯವನಿಗೆ ಇಲ್ಲದ ಸ್ಥಾನವದು. ಕಡಲೆಕಾಯಿ ಬಿತ್ತುವ ಮೊದಲೇ ಆ ಸಮಿತಿ ಸೇರಿ ಹಿಂಡಿನ ದಾರಿ ಯಾವ ಹೊಲಗಳ ಮೇಲೆ ಬೀಳುತ್ತದೆಂಬುದನ್ನು ಸರ್ವೆ ನಂಬರಿನೊಡನೆ ಗುರುತು ಮಾಡಿಕೊಂಡರೆ, ಪರಿಹಾರದ ಅರ್ಜಿಗೆ ಪರೀಕ್ಷೆಯ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.