ಬೆಂಕಿ ಸೋಂಕದ ಕಬ್ಬಿನ ಹಾಲು

ಭಾಲ್ಕಿಯ ಸುತ್ತಿನ ಮಾಂಜರಾ ಬಯಲು ಕಬ್ಬಿನ ಸೀಮೆ. ಕಬ್ಬಿನ ರಸವನ್ನು ನಮ್ಮ ಜನ ಕಬ್ಬಿನ ಹಾಲೆಂದು ಕರೆದಿರುವುದು ಸಾರ್ಥಕವಾಗಿದೆ. ಹಾಲಿನಂತೆಯೇ ಅದೂ ಹಿಂಡಿದ ಕೆಲವು ತಾಸುಗಳಲ್ಲಿ ಕೆಡತೊಡಗುವುದು. ಕಬ್ಬಿಗಂಟಿದ ಮಣ್ಣಿನಿಂದಲೂ ಗಾಣದ ಉರುಳೆಗಳಿಂದಲೂ ಬಂದ ಸೂಕ್ಷ್ಮಜೀವಿಗಳಿಗೆ ಅದರಲ್ಲಿ ನೀರೂ ಸಕ್ಕರೆಯೂ ಯಥೇಷ್ಟ. ಅವುಗಳನ್ನು ತಡೆಯುವಷ್ಟು ಹುಳಿ ಮಾತ್ರ ಇಲ್ಲ. ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯವು ಸಕ್ಕರೆಯನ್ನೇ ಡೆಕ್ಸ್‌ಟ್ರಾನ್ ಎಂಬ ಲೋಳೆಯಾಗಿ ಮಾರ್ಪಡಿಸುವುದು.

ಹಾಲನ್ನಾದರೆ ಕಾಯಿಸಿ ಕುಡಿಯಬಹುದು. ಕಬ್ಬಿನ ಹಾಲನ್ನು ಕಾಯಿಸಿದರೆ ಅದು ಬೆಲ್ಲದ ದಾರಿ ಹಿಡಿಯುವುದು; ಬಣ್ಣವೂ ಸ್ವಾದವೂ ಮೊದಲಿನವಾಗಿ ಉಳಿಯವು. ಹಾಗಾದರೆ ಬೆಂಕಿಯ ನೆರವಿಲ್ಲದೆ ಈ ಜೀವಿಗಳನ್ನು ನಿವಾರಿಸುವುದು ಸಾಧ್ಯವೆ?

ಮೊದಲನೆಯ ಉಪಾಯ ಸೋಸುವುದು. ಪಾಸ್ತರನ ಸಹೋದ್ಯೋಗಿಯಾದ ಷಾಂಬರ್ಲಾನನು 1884ರಲ್ಲಿ ರಚಿಸಿದ ಪಿಂಗಾಣಿಯ ಸೋಸುಕವು ನೀರಿನಿಂದ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿತು. ಈಗ 0.2 ಮೈಕ್ರಾನ್, ಎಂದರೆ ಮಿಲಿಮೀಟರಿನ 5000ದಲ್ಲಿ ಒಂದು ಭಾಗದಷ್ಟು, ಸಣ್ಣ ರಂಧ್ರಗಳುಳ್ಳ ಪೊರೆಗಳಿವೆ. ಕಬ್ಬಿನ ನಾರೂ ಮೇಣವೂ ರಂಧ್ರಗಳನ್ನು ಮುಚ್ಚಿಬಿಡುವುದರಿಂದ ರಸವನ್ನು ಮೊದಲೇ ತಿಳಿಗೊಳಿಸಬೇಕು. ರಸವನ್ನು ಕಪ್ಪಾಗಿಸುವ ಕಿಣ್ವಗಳೂ ವೈರಸ್ಸುಗಳೂ ಈ ಪೊರೆಯನ್ನು ದಾಟಿ ಬರಬಲ್ಲವು. ಮಾವಿನ ರಸಕ್ಕಂತೂ ಇದು ಸಲ್ಲದು. ತಿರುಳೆಲ್ಲ ಸೋಸುಕದಲ್ಲೇ ಉಳಿಯುವುದು.

ಎರಡನೆಯದು ಒತ್ತಡ. ಅಮೆರಿಕದ ಪಶ್ಚಿಮ ವರ್ಜೀನಿಯದಲ್ಲಿ ಬರ್ಟ್ ಹೈಟ್ ಎಂಬವರು 1899ರಲ್ಲಿ ಹಾಲಿನ ಮೇಲೂ, 1914ರಲ್ಲಿ ಹಣ್ಣು ತರಕಾರಿಗಳ ಮೇಲೂ ಇದರ ಪರಿಣಾಮವನ್ನು ಪ್ರಕಟಿಸಿದರು. ಇಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಚ್ಚಿದ ರಸವನ್ನು ನೀರಿನೊಳಗಿಟ್ಟು, ವಾಯುಮಂಡಲದ ಒತ್ತಡದ 4000ದಿಂದ 6000 ಪಟ್ಟು ಒತ್ತುವರು. ಒತ್ತಡವು ಎಲ್ಲ ಕಡೆಯಿಂದಲೂ ಸಮನಾಗಿರುವುದರಿಂದ ಬಾಟಲಿ ಒಡೆಯದು; ಬ್ಯಾಕ್ಟೀರಿಯದ ಪೊರೆಯೂ ಪ್ರೋಟೀನುಗಳೂ ಕೆಡುವುವು; ರಸದ ಸುವಾಸನೆ ಬಹುಮಟ್ಟಿಗೆ ಉಳಿಯುವುದು. ಆದರೆ ಕೆಲವು ಬ್ಯಾಕ್ಟೀರಿಯಗಳ ಬೀಜಾಣುಗಳು ಇದಕ್ಕೂ ಜಗ್ಗವು. ನಿಂಬೆ, ಕಿತ್ತಳೆಗಳ ಹುಳಿಯಲ್ಲಿ ಅವುಗಳಲ್ಲಿ ಹೆಚ್ಚಿನವು ಮೊಳೆಯಲಾರವು. ಕಬ್ಬಿನ ಹಾಲಿನಲ್ಲಿ ಮೊಳೆತಾವು. ಆದುದರಿಂದ ಅದಕ್ಕೆ ಹುಳಿಯನ್ನು ಕೂಡಿಸಿ ತಂಪಿನಲ್ಲಿಡುವುದು ಅವಶ್ಯ.

ಇಂತಹ ಯಂತ್ರಗಳು ಬೀದಿಯ ಗಾಣದವನಿಗೆ ಎಟುಕುವಂಥವಲ್ಲ. ಹಾಗೆಂದು ಕಾಯಿಸದ ರಸವೆಲ್ಲ ಶುದ್ಧವೆಂದು ನಂಬುವುದು ಅಪಾಯಕರ. 1996ರಲ್ಲಿ ಅಮೆರಿಕದಲ್ಲಿ ಕಾಯಿಸದ ಸೇಬಿನ ರಸದಿಂದ ರೋಗ ಹರಡಿ, ಒಂದು ಮಗು ತೀರಿಕೊಂಡಿತು. ಮಂಜುಗಡ್ಡೆ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡಮಾಡೀತು, ಅವುಗಳನ್ನು ಕೊಲ್ಲದು. ಕೆಟ್ಟ ನೀರಿನದಾದರೆ ಹೊಸ ರೋಗಾಣುಗಳನ್ನೇ ತಂದೀತು. ಕಬ್ಬನ್ನು ಹೆರೆದು ತೊಳೆದಿದ್ದಾರೆಯೆ, ಉರುಳೆಗಳು ಶುಚಿಯಾಗಿವೆಯೆ, ಮಂಜುಗಡ್ಡೆ ಕುಡಿಯುವ ನೀರಿನದೆ ಎಂಬುದನ್ನು ನೋಡಿಕೊಂಡು, ಕಣ್ಣೆದುರಿಗೆ ಹಿಂಡಿಸಿ, ಕೂಡಲೆ ಕುಡಿಯುವುದು ಲೇಸು.