ಹಾಯಿದೋಣಿಯೇ ಮನೆಯಾದವರ ಕ್ವಾರಂಟೈನ್

'ಮನೆಯಲ್ಲೇ ಇರಿ, ಹೊರಗೆ ಬರಬೇಡಿ' ಎಂದು 2020ರ ಮಾರ್ಚ್ ತಿಂಗಳಲ್ಲಿ ಜಗತ್ತಿನ ಬಹುತೇಕ ಸರ್ಕಾರಗಳು ತಮ್ಮ ಜನರಿಗೆ ಆದೇಶ ಹೊರಡಿಸಿದವು. ಆದರೆ ಮನೆಯೇ ಒಂದು ಹಾಯಿದೋಣಿಯಾಗಿದ್ದು, ಅದು ಪರದೇಶದ ಸಮುದ್ರದಲ್ಲಿ ತೇಲುತ್ತಿದ್ದರೆ? ಕೋವಿಡ್ ಕಾಲದಲ್ಲಿ ಇಂಥ ಪರಿಸ್ಥಿತಿಗೆ ಸಿಕ್ಕಿದವರು ಹಲವರು. ಅವರ ಅನುಭವದಿಂದ ನಾವೂ ತಿಳಿಯಬೇಕಾದ ಆರೋಗ್ಯದ ಪಾಠಗಳಿವೆ.

ಹತ್ತು ಹನ್ನೆರಡು ಮೀಟರ್ ಉದ್ದದ ಹಾಯಿದೋಣಿಯಲ್ಲಿ ವರ್ಷಗಟ್ಟಲೆ ವಾಸಿಸುತ್ತಾ ದೇಶ ಸುತ್ತುವ ಪಾಶ್ಚಾತ್ಯ ಕುಟುಂಬಗಳು ಅನೇಕ. ಪ್ರತಿವರ್ಷ ಇವರಲ್ಲಿ ಹಲವರು ಪನಾಮಾ ಕಾಲುವೆ ದಾಟಿ ಪೆಸಿಫಿಕ್ ಮಹಾಸಾಗರಕ್ಕೆ ಇಳಿಯುತ್ತಾರೆ. ಗ್ಯಾಲಪಗೋಸ್ ದ್ವೀಪಗಳಿಂದ ಫ್ರೆಂಚ್ ಪಾಲಿನೇಷ್ಯಾದ ಮಾರ್ಕೇಸಾಸ್ ದ್ವೀಪಗಳಿಗೆ ಸುಮಾರು 3,000 ನಾವಿಕ ಮೈಲಿ, ಅಂದರೆ 5,500 ಕಿಲೋಮೀಟರ್ ದೂರ. ಮೂರು ನಾಲ್ಕು ವಾರಗಳ ಪಯಣ. ನಡುವೆ ನೆಲವೆಂಬುದೇ ಇಲ್ಲ. ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವುದರಿಂದ ಅರ್ಧ ದಾರಿಯಲ್ಲಿ ಹಿಂತಿರುಗುವುದು ಬಹಳ ಕಷ್ಟ.

ಹೀಗಾಗಿ 2020ರ ಮಾರ್ಚ್ ಮೊದಲ ವಾರದಲ್ಲಿ ಹೊರಟವರು ದಡ ಕಾಣುವ ಹೊತ್ತಿಗೆ ಲೋಕವೇ ಬದಲಾಗಿತ್ತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಸಾರಿತ್ತು. ಮಾರ್ಚ್ 19ರಂದು ನ್ಯೂಜಿಲೆಂಡ್ ತನ್ನ ಗಡಿಯನ್ನು ವಿದೇಶೀಯರಿಗೆ ಮುಚ್ಚಿತ್ತು. ದ್ವೀಪ ರಾಷ್ಟ್ರಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಲಂಗರು ಹಾಕಲು ಅವಕಾಶ ಸಿಕ್ಕಿದ ಕಡೆಯಲ್ಲೂ ಅನೇಕರು ದೋಣಿಯೊಳಗೇ ಉಳಿಯಬೇಕಾಯಿತು.

ದ್ವೀಪಗಳ ಭಯಕ್ಕೆ ಕಾರಣ

ಇದು ದ್ವೀಪವಾಸಿಗಳ ಕಠೋರತನವೆಂದು ಯಾರಾದರೂ ಭಾವಿಸಬಹುದು. ಆದರೆ ಅವರ ಇತಿಹಾಸವನ್ನು ನೋಡಬೇಕು. 1875ರಲ್ಲಿ ಹಡಗಿನ ಮೂಲಕ ಫಿಜಿಗೆ ಬಂದ ದಡಾರ ಸುಮಾರು 40,000 ಮಂದಿಯನ್ನು ಬಲಿ ತೆಗೆದುಕೊಂಡಿತು. 1918ರ ನವೆಂಬರ್‌ನಲ್ಲಿ ಆಕ್ಲೆಂಡ್‌ನಿಂದ ಬಂದ 'ಟಲೂನ್' ಎಂಬ ಹಡಗು ಪಶ್ಚಿಮ ಸಮೋವಾಕ್ಕೆ ಇನ್‌ಫ್ಲೂಯೆಂಜಾ ತಂದಿತು. ಅಲ್ಲಿನ ಜನಸಂಖ್ಯೆಯ ಐದನೆಯ ಒಂದು ಭಾಗಕ್ಕೂ ಹೆಚ್ಚು ಜನ ಸತ್ತರು. ಪಕ್ಕದಲ್ಲೇ ಇದ್ದ ಅಮೆರಿಕನ್ ಸಮೋವಾದ ಗವರ್ನರ್ ಜಾನ್ ಪೋಯರ್ ಹಡಗುಗಳಿಗೆ ಕಟ್ಟುನಿಟ್ಟಿನ ಕ್ವಾರಂಟೈನ್ ವಿಧಿಸಿದರು. ಅಲ್ಲಿ ಆ ರೋಗದಿಂದ ಒಬ್ಬರೂ ಸಾಯಲಿಲ್ಲ. ಒಂದೋ ಎರಡೋ ಸಣ್ಣ ಆಸ್ಪತ್ರೆ ಇರುವ ದ್ವೀಪಕ್ಕೆ ಬಂದರು ಮುಚ್ಚುವುದೇ ದೊಡ್ಡ ಔಷಧಿಯಾಗಿ ಕಂಡದ್ದು ಸಹಜ.

ದಿನಗಳ ಲೆಕ್ಕ

ಹಾಗಾದರೆ ಕ್ವಾರಂಟೈನ್ ಎಂದರೇನು? ಇಟಲಿಯ ಭಾಷೆಯಲ್ಲಿ ನಲವತ್ತು ಎಂಬ ಅರ್ಥದ ಪದದಿಂದ ಈ ಹೆಸರು ಬಂದಿದೆ. ಪ್ಲೇಗ್ ಕಾಲದಲ್ಲಿ ವೆನಿಸ್‌ನಂಥ ಬಂದರುಗಳು ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುತ್ತಿದ್ದವು. ಆಗ ಅದು ಅಂದಾಜಿನ ಲೆಕ್ಕ. ಇಂದು ಅದಕ್ಕೆ ವೈಜ್ಞಾನಿಕ ಆಧಾರವಿದೆ. ರೋಗಾಣು ದೇಹವನ್ನು ಹೊಕ್ಕ ದಿನದಿಂದ ರೋಗಲಕ್ಷಣ ಕಾಣಿಸಿಕೊಳ್ಳುವವರೆಗೆ ಒಂದು ಅವಧಿ ಇರುತ್ತದೆ. 2020ರಲ್ಲಿ ಹರಡಿದ ಕೋವಿಡ್‌ಗೆ ಇದು ಸಾಮಾನ್ಯವಾಗಿ ಐದಾರು ದಿನ, ಹೆಚ್ಚೆಂದರೆ 14 ದಿನ. ಅಷ್ಟು ಕಾಲ ಬೇರೆಯವರ ಸಂಪರ್ಕವಿಲ್ಲದೆ, ರೋಗಲಕ್ಷಣವೂ ಇಲ್ಲದೆ ಕಳೆದರೆ ಅಪಾಯ ಬಹಳಮಟ್ಟಿಗೆ ಕಳೆಯಿತೆಂದು ಅರ್ಥ.

ಮೂರು ವಾರ ನಡುಸಾಗರದಲ್ಲಿ ಬೇರೊಬ್ಬರ ಮುಖ ಕಾಣದೆ ಬಂದ ದಂಪತಿಗೆ ಇದಕ್ಕಿಂತ ಪೂರ್ಣವಾದ ಕ್ವಾರಂಟೈನ್ ಯಾವುದಿದೆ? ಇವರನ್ನು ದೊಡ್ಡ ಪ್ರವಾಸಿ ಹಡಗಿನ ಪ್ರಯಾಣಿಕರ ಜೊತೆ ಹೋಲಿಸಲಾಗದು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ತಡೆಹಿಡಿದ 'ಡೈಮಂಡ್ ಪ್ರಿನ್ಸೆಸ್' ಹಡಗಿನಲ್ಲಿ 138 ಭಾರತೀಯರೂ ಸೇರಿ 3,711 ಜನರಿದ್ದರು. ಅವರಲ್ಲಿ 712 ಮಂದಿಗೆ ಸೋಂಕು ತಗುಲಿತು. ಮುಚ್ಚಿದ ಕೋಣೆಗಳು, ಒಂದೇ ಅಡುಗೆಮನೆ, ಎಲ್ಲರಿಗೂ ಊಟ ಬಡಿಸುವ ಅದೇ ಸಿಬ್ಬಂದಿ. ಅಂಥಲ್ಲಿ ದಿನ ಕಳೆದಂತೆ ಸೋಂಕು ಹಬ್ಬುವ ಸಾಧ್ಯತೆ ಉಂಟು. ಹಾಯಿದೋಣಿಯಲ್ಲಾದರೋ ಇಬ್ಬರು ಮೂವರು, ಸುತ್ತ ಬಯಲು ಗಾಳಿ.

ಈ ವ್ಯತ್ಯಾಸವನ್ನು ಗುರುತಿಸಿದ ದೇಶ ಫಿಜಿ. 2020ರ ನಡುಭಾಗದಲ್ಲಿ ಅದು 'ಬ್ಲೂ ಲೇನ್' ಎಂಬ ವ್ಯವಸ್ಥೆ ತಂದಿತು. ಹೊರಡುವ ಮುನ್ನ ಪರೀಕ್ಷೆ ಮಾಡಿಸಿಕೊಳ್ಳಬೇಕು, ದಾರಿಯಲ್ಲಿ ಎಲ್ಲೂ ಇಳಿಯಬಾರದು. ಸಮುದ್ರದಲ್ಲಿ ಕಳೆದ ದಿನಗಳೂ 14 ದಿನಗಳ ಲೆಕ್ಕಕ್ಕೆ ಸೇರುತ್ತಿದ್ದವು. ಜನರ ರಕ್ಷಣೆಯೂ ಆಯಿತು, ದೋಣಿಯವರಿಗೆ ನೆಲೆಯೂ ಸಿಕ್ಕಿತು.

ನೆಲೆ ಸಿಗದಿದ್ದರೆ ಏನಾಗುತ್ತದೆ? ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತಗಳ ಕಾಲ. ಆಗ ದೋಣಿಯವರು ಸಾಮಾನ್ಯವಾಗಿ ನ್ಯೂಜಿಲೆಂಡ್ ಅಥವಾ ಆಸ್ಟ್ರೇಲಿಯಾಕ್ಕೆ ಸರಿಯುತ್ತಾರೆ. 2020ರಲ್ಲಿ ವಿಶೇಷ ಅನುಮತಿ ಇಲ್ಲದವರಿಗೆ ಆ ದಾರಿ ಮುಚ್ಚಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ 'ಹೆರಾಲ್ಡ್', ಡಿಸೆಂಬರ್‌ನಲ್ಲಿ 'ಯಾಸಾ' ಎಂಬ ಭೀಕರ ಚಂಡಮಾರುತಗಳು ಆ ಪ್ರದೇಶವನ್ನು ಅಪ್ಪಳಿಸಿದವು. ಒಂದು ರೋಗದ ಭಯದಿಂದ ಜನರನ್ನು ಅದಕ್ಕಿಂತ ದೊಡ್ಡ ಅಪಾಯಕ್ಕೆ ನೂಕುವುದು ಆರೋಗ್ಯ ರಕ್ಷಣೆ ಎನಿಸದು.

ನೀರು ಮತ್ತು ಆಹಾರ

ದೋಣಿಯ ಬದುಕಿನಲ್ಲಿ ಮೊದಲ ಚಿಂತೆ ಕುಡಿಯುವ ನೀರು. ಸುತ್ತಲೂ ನೀರಿದ್ದರೂ ಬಾಯಿಗೆ ಬಾರದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ಮೂತ್ರಪಿಂಡಗಳು ಅಷ್ಟು ಉಪ್ಪನ್ನು ಹೊರಹಾಕಲು ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಬಳಸಬೇಕಾಗುತ್ತದೆ. ಅಂದರೆ ಸಮುದ್ರದ ನೀರು ಕುಡಿದಷ್ಟೂ ದೇಹ ಒಣಗುತ್ತದೆ. ಆದ್ದರಿಂದ ಮಳೆನೀರು ಸಂಗ್ರಹ ಅಥವಾ ಉಪ್ಪು ತೆಗೆಯುವ ಯಂತ್ರ ಅನಿವಾರ್ಯ.

ಎರಡನೆಯದು ತಾಜಾ ತರಕಾರಿ. ವಿಟಮಿನ್ 'ಸಿ' ಇಲ್ಲದೆ ಒಂದೆರಡು ತಿಂಗಳು ಕಳೆದರೆ ವಸಡಿನಿಂದ ರಕ್ತ ಒಸರುವ ಸ್ಕರ್ವಿ ರೋಗ ಬರಬಹುದು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾ ವೈದ್ಯ 12 ನಾವಿಕರ ಮೇಲೆ ಪ್ರಯೋಗ ನಡೆಸಿ, ಕಿತ್ತಳೆ ಮತ್ತು ನಿಂಬೆ ಜಾತಿಯ ಹಣ್ಣು ಇದಕ್ಕೆ ಮದ್ದೆಂದು ತೋರಿಸಿದ. ಅಂಗಡಿ ಇಲ್ಲದ ಕಡೆ ನಮ್ಮ ಮನೆಗಳ ಮೊಳಕೆ ಹೆಸರುಕಾಳು ಸುಲಭ ಉಪಾಯ. ಒಣಕಾಳಿನಲ್ಲಿ ಅತ್ಯಲ್ಪವಾಗಿರುವ ಈ ವಿಟಮಿನ್ ಮೊಳಕೆ ಬಂದಾಗ ಹೆಚ್ಚುತ್ತದೆ. ದೂರ ಪಯಣದ ನಾವಿಕರೂ ಕಾಳಿಗೆ ಮೊಳಕೆ ಬರಿಸಿ ತಿನ್ನುತ್ತಾರೆ.

ಮೀನು ಹಿಡಿದು ತಿನ್ನುವಾಗಲೂ ಎಚ್ಚರ ಬೇಕು. ಹವಳದ ದಿಬ್ಬಗಳ ಬಳಿಯ ಕೆಲವು ಮೀನುಗಳಲ್ಲಿ 'ಸಿಗ್ವಟೆರಾ' ಎಂಬ ಕಾಯಿಲೆ ತರುವ ವಿಷ ಇರಬಹುದು. ಇದನ್ನು ತಯಾರಿಸುವ ಸೂಕ್ಷ್ಮಜೀವಿಗೆ ಹೆಸರು ಬಂದದ್ದೇ ಫ್ರೆಂಚ್ ಪಾಲಿನೇಷ್ಯಾದ ಗ್ಯಾಂಬಿಯರ್ ದ್ವೀಪಗಳಿಂದ. ಬೇಯಿಸಿದರೂ ಹುರಿದರೂ ಈ ವಿಷ ನಾಶವಾಗದು. ವಾಂತಿ, ಭೇದಿ, ತುಟಿಯ ಸುತ್ತ ಜುಮ್ಮೆನ್ನುವುದು, ತಣ್ಣನೆಯ ವಸ್ತು ಮುಟ್ಟಿದರೆ ಸುಟ್ಟಂತಾಗುವುದು ಇದರ ಲಕ್ಷಣಗಳು.

ಔಷಧಿ

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರ ಮಾತ್ರೆಗಳು ವಿಮಾನ ಸಂಚಾರ ನಿಂತಾಗ ಸುಲಭವಾಗಿ ತಲುಪವು. ಪಯಣಕ್ಕೆ ಬೇಕಾದಷ್ಟಕ್ಕಿಂತ ಮೂರು ತಿಂಗಳಿಗಾಗುವಷ್ಟು ಹೆಚ್ಚು ಔಷಧಿ ಮತ್ತು ವೈದ್ಯರ ಚೀಟಿ ಜೊತೆಯಲ್ಲಿರುವುದು ಒಳ್ಳೆಯದು. ಹೊರಡುವ ಮುನ್ನ ಹಲ್ಲಿನ ಪರೀಕ್ಷೆಯನ್ನೂ ಮರೆಯಬಾರದು. ತುರ್ತು ಸಲಹೆಗೆ ದಾರಿಯಿದೆ. ರೋಮ್ ನಗರದಲ್ಲಿ 1935ರಲ್ಲಿ ಆರಂಭವಾದ ಸಂಸ್ಥೆಯೊಂದು ಸಮುದ್ರದಲ್ಲಿರುವವರಿಗೆ ದೂರದಿಂದಲೇ ಉಚಿತವಾಗಿ ವೈದ್ಯಕೀಯ ಸಲಹೆ ನೀಡುತ್ತಾ ಬಂದಿದೆ.

ಮನಸ್ಸಿನ ಆರೋಗ್ಯ

ದಡ ಕಣ್ಣಿಗೆ ಕಾಣುತ್ತದೆ, ಇಳಿಯುವಂತಿಲ್ಲ. ಎಷ್ಟು ದಿನವೆಂದು ಯಾರೂ ಹೇಳುವುದಿಲ್ಲ. ಊರಿನಲ್ಲಿ ವಯಸ್ಸಾದ ತಂದೆತಾಯಿ ಇದ್ದಾರೆ. ಇಂಥ ಅನಿಶ್ಚಿತತೆಯಲ್ಲಿ ನಿದ್ರೆ ಕೆಡುವುದು, ಸಣ್ಣ ಮಾತಿಗೂ ಸಿಡುಕುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಸಾಮಾನ್ಯ. ಕೆಲವು ಸರಳ ಕ್ರಮಗಳು ನೆರವಾಗುತ್ತವೆ:

1. ಏಳುವ, ಉಣ್ಣುವ, ಮಲಗುವ ಹೊತ್ತನ್ನು ತಪ್ಪಿಸಬಾರದು.

2. ದಿನಕ್ಕೆ ಅರ್ಧ ಗಂಟೆಯಾದರೂ ವ್ಯಾಯಾಮ ಮಾಡಬೇಕು. ನಡೆಯಲು ಜಾಗವಿಲ್ಲದಿದ್ದರೆ ಕುಳಿತು ಏಳುವುದೂ ಕಾಲಿಗೆ ಒಳ್ಳೆಯದು.

3. ಇಬ್ಬರೇ ಇದ್ದರೂ ದಿನದಲ್ಲಿ ಸ್ವಲ್ಪ ಹೊತ್ತು ಪ್ರತಿಯೊಬ್ಬರಿಗೂ ಏಕಾಂತ ಬೇಕು.

4. ಹೊರಗಿನವರೊಡನೆ ದಿನಕ್ಕೊಮ್ಮೆ ಮಾತನಾಡಬೇಕು. ನಾವಿಕರು ನಿಗದಿತ ವೇಳೆಗೆ ರೇಡಿಯೋದಲ್ಲಿ ಒಬ್ಬರನ್ನೊಬ್ಬರು ಹೆಸರು ಕೂಗಿ ವಿಚಾರಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡಿದ್ದಾರೆ.

5. ಸುದ್ದಿಯನ್ನು ದಿನಕ್ಕೆ ಒಂದೆರಡು ಬಾರಿ ಕೇಳಿದರೆ ಸಾಕು.

ಸ್ವಂತ ದೋಣಿಯಲ್ಲಿ ಲೋಕ ಸುತ್ತುವವರು ನಮ್ಮಲ್ಲಿ ಕಡಿಮೆ. ಆದರೆ ವ್ಯಾಪಾರಿ ಹಡಗುಗಳಲ್ಲಿ ದುಡಿಯುವವರು ಕರಾವಳಿಯ ಅನೇಕ ಮನೆಗಳಲ್ಲಿದ್ದಾರೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 4 ಲಕ್ಷ ನಾವಿಕರು ಕರಾರಿನ ಅವಧಿ ಮುಗಿದರೂ ಹಡಗಿನಿಂದ ಇಳಿಯಲಾಗದೆ ಉಳಿದಿದ್ದರು. ಅವರ ಕಷ್ಟವೂ ಇದೇ ಬಗೆಯದು.

2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ಪ್ರಕಾರ, ಸೋಂಕಿನ ಶಂಕೆ ಇರುವ ಹಡಗಿಗೂ ನೀರು, ಆಹಾರ, ಇಂಧನ ತುಂಬಿಕೊಳ್ಳಲು ಅಡ್ಡಿ ಮಾಡುವಂತಿಲ್ಲ. ಮುಂದೆ ಇನ್ನೊಂದು ಪಿಡುಗು ಬಂದರೂ ಬಂದರಿನ ಅಧಿಕಾರಿಗಳು ಈ ನಿಯಮವನ್ನು ನೆನಪಿಡಬೇಕು. ಬಂದವರನ್ನು ದೂರ ನಿಲ್ಲಿಸಲಿ, ಪರೀಕ್ಷಿಸಲಿ, ದಿನಗಳನ್ನು ಸರಿಯಾಗಿ ಎಣಿಸಲಿ. ಎಣಿಕೆ ಮುಗಿದ ಮೇಲೆ ದಡಕ್ಕೆ ಬಿಟ್ಟುಕೊಳ್ಳುವುದೂ ಕ್ವಾರಂಟೈನಿನ ಒಂದು ಭಾಗವೇ.